ವಲಸೆ ಹೋಗದ ಸರ್ಬಿಯಾ: 1690 ಬೇರೆ ಥರ ನಡೆದಿದ್ದರೆ?

(ಓದುಗರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಗೆ ಸಭೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸರ್ಬಿಯಾದ ಚರಿತ್ರೆಯಲ್ಲಿ "ಹಾಗಾಗದೇ ಹೋಗಿದ್ದರೆ?" ಎಂದು ಕೇಳುವವರು ಸಾಮಾನ್ಯವಾಗಿ ಸರಾಯೆವೊ ಊರಿನಿಂದ ಶುರು ಮಾಡುತ್ತಾರೆ. 1914ರ ಜೂನ್ 28. ಆಸ್ಟ್ರಿಯಾದ ಯುವರಾಜನ ಕಾರು ಲ್ಯಾಟಿನ್ ಸೇತುವೆಯ ಹತ್ತಿರ ಹೋಗಬಾರದ ಕಡೆ ತಿರುಗಿ ನಿಂತಿತು. ಅಲ್ಲೇ ಗವ್ರಿಲೊ ಪ್ರಿನ್ಸಿಪ್ ಎಂಬ ಬೊಸ್ನಿಯಾದ ಸರ್ಬ ಯುವಕ ನಿಂತಿದ್ದ. ಮುಂದಿನದು ನಿಮಗೆ ಗೊತ್ತೇ ಇದೆ: ಅವನು ಯುವರಾಜನನ್ನು ಗುಂಡಿಕ್ಕಿ ಕೊಂದ, ಮೊದಲ ಮಹಾಯುದ್ಧ ಶುರುವಾಯಿತು. ಆ ಕಾರು ತಿರುಗದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಎಷ್ಟೋ ಜನ ಬರೆದಿದ್ದಾರೆ. ಒಳ್ಳೆಯ ಪ್ರಶ್ನೆಯೇ. ಆದರೆ ಅದು ಯುರೋಪಿನ ಪ್ರಶ್ನೆ. ಅದರಲ್ಲಿ ಸರ್ಬಿಯಾ ಬರೀ ಬೆಂಕಿಕಡ್ಡಿಯಾಗಿ ಉಳಿದುಬಿಡುತ್ತದೆ.

ನಮ್ಮಲ್ಲಿ ಹಿರಿಯರಿಗೆ ಬೆಲ್‌ಗ್ರೇಡ್ ಅಂದರೆ ಯುಗೊಸ್ಲಾವಿಯಾದ ಅಧ್ಯಕ್ಷ ಟಿಟೊ, ನೆಹರೂ, 1961ರ ಅಲಿಪ್ತ ಸಮ್ಮೇಳನ ನೆನಪಾಗಬಹುದು. ಅದಕ್ಕಿಂತ ಕಿರಿಯರಿಗೆ ತೊಂಬತ್ತರ ದಶಕದ ಯುದ್ಧದ ಸುದ್ದಿ. ಇವೆರಡರ ಹಿಂದೆ ಸುಮಾರು ಮುನ್ನೂರು ವರ್ಷಗಳ ಒಂದು ವಲಸೆಯ ಕಥೆ ಇದೆ. ಸರ್ಬಿಯಾವನ್ನು ಒಳಗಿನಿಂದ ನೋಡಬೇಕು ಅಂದರೆ ಬದಲಿಸಿ ನೋಡಬೇಕಾದ ವರ್ಷ 1914 ಅಲ್ಲ, 1690. ಇವತ್ತು ನಾನು ಅದನ್ನೇ ಮಾಡುತ್ತೇನೆ.

ಪರ್ಯಾಯ ಇತಿಹಾಸಕ್ಕೆ ನಾನು ಇಟ್ಟುಕೊಂಡಿರುವ ನಿಯಮ ಸರಳ. ಒಂದೇ ಒಂದು ಸಂಗತಿಯನ್ನು ಬದಲಿಸಬೇಕು. ಅದು ಆಗಿನ ಕಾಲಕ್ಕೆ ಆಗಬಹುದಾಗಿದ್ದ ಸಂಗತಿಯೇ ಆಗಿರಬೇಕು. ಆಮೇಲೆ ನಮ್ಮ ಆಸೆಗಳನ್ನು ಪಕ್ಕಕ್ಕಿಟ್ಟು ಕಾರಣಗಳ ಹಿಂದೆ ಹೋಗಬೇಕು.

ಮೊದಲು ನಿಜವಾಗಿ ನಡೆದದ್ದು ಏನು ಅಂತ ನೋಡೋಣ. ಆಗ ಸರ್ಬಿಯಾ ಒಟ್ಟೊಮನ್ (ತುರ್ಕಿ) ಸಾಮ್ರಾಜ್ಯದ ಕೈಯಲ್ಲಿತ್ತು. 1683ರಲ್ಲಿ ಒಟ್ಟೊಮನ್ ಸೈನ್ಯ ವಿಯೆನ್ನಾಕ್ಕೆ ಮುತ್ತಿಗೆ ಹಾಕಿ ಸೋತಿತು. ಹ್ಯಾಬ್ಸ್‌ಬರ್ಗ್ ಸೈನ್ಯ, ಅಂದರೆ ವಿಯೆನ್ನಾದಿಂದ ಆಳುತ್ತಿದ್ದ ಆಸ್ಟ್ರಿಯಾದ ರಾಜಮನೆತನದ ಸೈನ್ಯ, ಬೆನ್ನಟ್ಟಿಕೊಂಡು ದಕ್ಷಿಣಕ್ಕೆ ಇಳಿಯಿತು. 1688ರಲ್ಲಿ ಬೆಲ್‌ಗ್ರೇಡ್ ಬಿತ್ತು, 1689ರ ಸೆಪ್ಟೆಂಬರ್‌ನಲ್ಲಿ ನಿಶ್ ಬಿತ್ತು. ಅಲ್ಲಿಂದ ಜನರಲ್ ಪಿಕೊಲೊಮಿನಿ ಸಣ್ಣ ಪಡೆಯೊಂದಿಗೆ ಕೊಸೊವೊ ದಾಟಿ ಸ್ಕೋಪ್ಯೆವರೆಗೂ ಹೋದ. ಸ್ಥಳೀಯ ಕ್ರೈಸ್ತರು ಅವನ ಜೊತೆ ಸೇರಿದರು. ಅವರಲ್ಲಿ ಸರ್ಬರಿದ್ದರು, ಅಲ್ಬೇನಿಯನ್ನರೂ ಇದ್ದರು. ಸ್ಕೋಪ್ಯೆಯ ಕ್ಯಾಥೊಲಿಕ್ ಆರ್ಚ್‌ಬಿಷಪ್, ಅಲ್ಬೇನಿಯನ್ ಬರಹಗಾರ ಪ್ಯೆತರ್ ಬೊಗ್ದಾನಿ ಈ ದಂಗೆಯ ಮುಂಚೂಣಿಯಲ್ಲಿದ್ದರು. ಈ ವಿಷಯವನ್ನು ಎರಡೂ ಕಡೆಯವರು ಇವತ್ತು ಮರೆಯುತ್ತಾರೆ. ನನಗೆ ಇದು ಬಹಳ ಮುಖ್ಯ ಅನಿಸುತ್ತದೆ.

ಆಮೇಲೆ ಪ್ಲೇಗ್ ಬಂತು. 1689ರ ನವೆಂಬರ್‌ನಲ್ಲಿ ಪಿಕೊಲೊಮಿನಿ ಪ್ರಿಜ್ರೆನ್‌ನಲ್ಲಿ ಸತ್ತ. ಮುಂದಿನ ತಿಂಗಳು ಬೊಗ್ದಾನಿಯೂ ಪ್ರಿಶ್ಟಿನಾದಲ್ಲಿ ಪ್ಲೇಗ್‌ಗೆ ಬಲಿಯಾದರು. ಪಿಕೊಲೊಮಿನಿಯ ಜಾಗಕ್ಕೆ ಬಂದ ಹೋಲ್‌ಸ್ಟೈನ್ ಡ್ಯೂಕ್‌ಗೆ ಊರಿನವರ ವಿಶ್ವಾಸ ಉಳಿಸಿಕೊಳ್ಳಲು ಆಗಲಿಲ್ಲ. ಇತ್ತ ಫ್ರಾನ್ಸಿನ ಹದಿನಾಲ್ಕನೇ ಲೂಯಿ ಆಗಲೇ ರೈನ್ ನದಿಯ ಕಡೆ ಯುದ್ಧ ಶುರು ಮಾಡಿದ್ದ. ಹಾಗಾಗಿ ಹ್ಯಾಬ್ಸ್‌ಬರ್ಗ್ ಸೈನ್ಯದ ದೊಡ್ಡ ಭಾಗ ಪಶ್ಚಿಮಕ್ಕೆ ಹೋಗಿತ್ತು. 1690ರ ಜನವರಿ 2ರಂದು ಕಚಾನಿಕ್ ಎಂಬಲ್ಲಿ ಉಳಿದ ಪಡೆ ಸೋತಿತು. ಹಿಮದ ಮಧ್ಯೆ ಜನ ಓಡತೊಡಗಿದರು.

ದಂಗೆ ಎದ್ದವರು ಹಿಂದೆ ಉಳಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಕೊಸೊವೊದ ಪೇಚ್ ಊರಿನಲ್ಲಿದ್ದ ಸರ್ಬಿಯನ್ ಪೇಟ್ರಿಯಾರ್ಕ್, ಅಂದರೆ ಸರ್ಬಿಯನ್ ಚರ್ಚಿನ ಮುಖ್ಯ ಗುರು, ಮೂರನೇ ಅರ್ಸೇನಿಯೆ ಚರ್ನೋಯೆವಿಚ್ ತಾವೂ ಹೊರಟರು. ಬೆಲ್‌ಗ್ರೇಡಿನಲ್ಲಿ ಸಭೆ ಸೇರಿಸಿ, ಬಿಷಪ್ ಇಸಾಯಿಯಾ ಜಾಕೊವಿಚ್ ಅವರನ್ನು ವಿಯೆನ್ನಾಕ್ಕೆ ಕಳಿಸಿದರು. 1690ರ ಆಗಸ್ಟ್ 21ರಂದು ಚಕ್ರವರ್ತಿ ಲಿಯೊಪೋಲ್ಡ್ ಒಂದು ಸನ್ನದು ಕೊಟ್ಟ. ಸರ್ಬರು ತಮ್ಮ ಧರ್ಮಗುರುವನ್ನು ತಾವೇ ಆರಿಸಬಹುದು, ಹಳೆಯ ಪಂಚಾಂಗದಂತೆ ಹಬ್ಬ ಮಾಡಬಹುದು. ಅಕ್ಟೋಬರ್‌ನಲ್ಲಿ ಬೆಲ್‌ಗ್ರೇಡ್ ಮತ್ತೆ ಒಟ್ಟೊಮನ್ನರ ಕೈಗೆ ಹೋಯಿತು. ಜನ ಸಾವಾ, ಡ್ಯಾನ್ಯೂಬ್ ನದಿಗಳನ್ನು ದಾಟಿ ಉತ್ತರಕ್ಕೆ ನಡೆದರು. ಕೆಲವರು ಆಗ ವಿಯೆನ್ನಾದ ಆಳ್ವಿಕೆಯಲ್ಲಿದ್ದ ಹಂಗೇರಿಯ ಬುಡಾ ನಗರ ದಾಟಿ ಸೆಂಟೆಂಡ್ರೆ ಊರಿನವರೆಗೂ ಹೋದರು.

ಎಷ್ಟು ಜನ? ಸಂಪ್ರದಾಯ ಹೇಳುವುದು 37,000 ಕುಟುಂಬ. ಪೇಟ್ರಿಯಾರ್ಕ್ ತಾವೇ ಬರೆದ ಪತ್ರಗಳಲ್ಲಿ ಇರುವುದು 30,000ಕ್ಕಿಂತ, 40,000ಕ್ಕಿಂತ ಹೆಚ್ಚು ಜನ ಎಂಬ ಲೆಕ್ಕ. ಕುಟುಂಬಕ್ಕೂ ತಲೆಗೂ ಎಷ್ಟು ವ್ಯತ್ಯಾಸ ನೋಡಿ. ನನಗೆ ಪೇಟ್ರಿಯಾರ್ಕರ ಲೆಕ್ಕವೇ ನಂಬಿಕೆಗೆ ಹತ್ತಿರ ಅನಿಸುತ್ತದೆ. ಹೋದವರೆಲ್ಲ ಕೊಸೊವೊದವರೂ ಅಲ್ಲ. ನಿಶ್, ಬೆಲ್‌ಗ್ರೇಡ್ ಸುತ್ತಮುತ್ತಲಿನವರೂ ಅವರಲ್ಲಿದ್ದರು.

ಈ ವಲಸೆಯ ಒಂದು ಚಿತ್ರ ಸರ್ಬಿಯಾದಲ್ಲಿ ಎಷ್ಟೋ ಮನೆಗಳ ಗೋಡೆ ಮೇಲಿದೆ. ಪಾಯಾ ಯೊವಾನೊವಿಚ್ ಎಂಬ ಕಲಾವಿದ 1896ರ ಬುಡಾಪೆಸ್ಟ್ ಪ್ರದರ್ಶನಕ್ಕಾಗಿ ಬರೆದದ್ದು. ಬಿಳಿ ಕುದುರೆ ಮೇಲೆ ಪೇಟ್ರಿಯಾರ್ಕ್, ಸುತ್ತ ಯೋಧರು. ಮೊದಲ ಚಿತ್ರದಲ್ಲಿ ಗಾಡಿಯಲ್ಲಿ ಮಗುವನ್ನು ಎತ್ತಿಕೊಂಡ ತಾಯಿ ಇದ್ದಳು, ಕುರಿ ಹಿಂಡು ಇತ್ತು. ಚಿತ್ರ ಬರೆಸಿದ ಆಗಿನ ಪೇಟ್ರಿಯಾರ್ಕರಿಗೆ ಅದು ಹಿಡಿಸಲಿಲ್ಲ. ಇದು ನಿರಾಶ್ರಿತರು ಓಡಿದ ಹಾಗಿದೆ, ನಾವು ಚಕ್ರವರ್ತಿ ಕರೆದು ಬಂದ ಯೋಧರು ಎಂಬುದು ಅವರ ವಾದ. ಕಲಾವಿದ ಇನ್ನೊಂದು ಬರೆದ. ಕುರಿಗಳು ಹೋದವು, ಕುದುರೆ ಸವಾರರು ಬಂದರು, ಜಾಕೊವಿಚ್ ಕೈಯಲ್ಲಿ ಚಕ್ರವರ್ತಿಯ ಪತ್ರ ಬಂತು. ಮೊದಲನೆಯದು ಈಗ ಪಾಂಚೆವೊ ಊರಿನ ಮ್ಯೂಸಿಯಂನಲ್ಲಿದೆ. ಕುರಿಗಳಿರುವ ಚಿತ್ರವೇ ನನಗೆ ಹೆಚ್ಚು ಸತ್ಯ ಅನಿಸುತ್ತದೆ. ಜನ ಕುರಿ ಬಿಟ್ಟು ಎಲ್ಲಿಗೆ ಹೋಗುತ್ತಾರೆ?

ಈಗ ಬದಲಿಸೋಣ. ಪಿಕೊಲೊಮಿನಿಗೆ ಪ್ಲೇಗ್ ತಗುಲಲಿಲ್ಲ. ಲೂಯಿ ರೈನ್ ಕಡೆ ಒಂದೆರಡು ವರ್ಷ ಸುಮ್ಮನಿದ್ದ. ನಿಜ ಹೇಳಬೇಕು ಅಂದರೆ ಎರಡನೆಯದೇ ಜಾಸ್ತಿ ಮುಖ್ಯ. ಒಬ್ಬ ಜನರಲ್ ಬದುಕಿದ್ದರೂ ಸೈನಿಕರೇ ಇಲ್ಲದಿದ್ದರೆ ಏನು ಮಾಡಿಯಾನು? ಹಾಗಾಗಿ ನನ್ನ ನಿಯಮದಂತೆ ಬದಲಿಸುವುದು ಒಂದನ್ನೇ: ಲೂಯಿ ತಡ ಮಾಡಿದ. ಕಚಾನಿಕ್‌ನಲ್ಲಿ ಸೈನ್ಯ ನಿಂತಿತು. ಹ್ಯಾಬ್ಸ್‌ಬರ್ಗ್ ಗಡಿ ಸ್ಕೋಪ್ಯೆಯ ಹತ್ತಿರ ಬಂತು. ಪೇಟ್ರಿಯಾರ್ಕ್ ಪೇಚ್‌ನಲ್ಲೇ ಉಳಿದರು. ಯಾರೂ ನದಿ ದಾಟಲಿಲ್ಲ.

ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಸರ್ಬಿಯನ್ ಓದುಗರೊಬ್ಬರು ಇಂಥ ಕಥೆ ಬರೆದರೆ ಅಲ್ಲೇ ಸುಖಾಂತ್ಯ ಮಾಡಿಬಿಡಬಹುದು. ಆದರೆ ಈ ಲೋಕ ಹೇಗಿರುತ್ತಿತ್ತು ಅಂತ ಊಹಿಸಲು ನಮ್ಮ ಕೈಯಲ್ಲಿ ಒಂದು ನಿಜವಾದ ಮಾದರಿಯೇ ಇದೆ. 1718ರಿಂದ 1739ರವರೆಗೆ ಸರ್ಬಿಯಾದ ಉತ್ತರ ಭಾಗ ನಿಜವಾಗಿಯೂ ಹ್ಯಾಬ್ಸ್‌ಬರ್ಗ್ ಆಳ್ವಿಕೆಯಲ್ಲಿತ್ತು. ವಿಯೆನ್ನಾ ಕಳಿಸಿದ ರಾಜ್ಯಪಾಲ ಬಂದ. ಬೆಲ್‌ಗ್ರೇಡನ್ನು ಬರೋಕ್ ಶೈಲಿಯ ಜರ್ಮನ್ ಊರಾಗಿ ಕಟ್ಟಿದರು. ಜರ್ಮನ್ನರನ್ನು ಕರೆದು ಕೂರಿಸಿದರು. ತೆರಿಗೆ ಬಿತ್ತು, ಅಧಿಕಾರಿಗಳ ಕಾಟ ಬಿತ್ತು, ಕ್ಯಾಥೊಲಿಕ್ ಚರ್ಚಿನ ಒತ್ತಡ ಬಂತು. ಕಾಡಿನಲ್ಲಿ ಹೈದುಕ್ ಬಂಡುಕೋರರು ಮೊದಲಿನಂತೆಯೇ ಇದ್ದರು. ಆ ಕಾಲದ ಒಂದು ಮನೆ ಇವತ್ತಿಗೂ ಬೆಲ್‌ಗ್ರೇಡಿನ ತ್ಸಾರ್ ದುಶಾನ್ ಬೀದಿಯಲ್ಲಿ ನಿಂತಿದೆ, ನಂಬರ್ 10. 1724–27ರ ನಡುವೆ ಕಟ್ಟಿದ್ದು. ಊರಿನ ಅತ್ಯಂತ ಹಳೆಯ ಮನೆ ಅಂದರೆ ಅದೇ. 1739ರಲ್ಲಿ ಒಟ್ಟೊಮನ್ನರು ಮರಳಿದಾಗ ನಾಲ್ಕನೇ ಅರ್ಸೇನಿಯೆ ನೇತೃತ್ವದಲ್ಲಿ ಇನ್ನೊಂದು ಗುಂಪು ಉತ್ತರಕ್ಕೆ ಹೊರಟಾಗಿತ್ತು.

ಇದರಿಂದ ಏನು ಗೊತ್ತಾಗುತ್ತದೆ? ಹ್ಯಾಬ್ಸ್‌ಬರ್ಗ್ ಗೆದ್ದ ಸರ್ಬಿಯಾ ಸ್ವತಂತ್ರ ಸರ್ಬಿಯಾ ಆಗುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. 1690ರ ಸನ್ನದು ಸಿಕ್ಕಿದ್ದು ವಿಯೆನ್ನಾಕ್ಕೆ ಸರ್ಬರ ಅಗತ್ಯ ಇದ್ದದ್ದರಿಂದ. ಗಡಿ ಕಾಯಲು ಆಳು ಬೇಕಿತ್ತು. 1691ರಲ್ಲಿ ಸ್ಲಾಂಕಮೆನ್ ಯುದ್ಧದಲ್ಲಿ ವಲಸೆ ಬಂದ ಸರ್ಬರೇ ದೊಡ್ಡ ಸಂಖ್ಯೆಯಲ್ಲಿ ಹೋರಾಡಿದರು. ಗೆದ್ದ ಚಕ್ರವರ್ತಿಗೆ ಅಂಥ ಗರಜು ಇರುತ್ತಿತ್ತೇ? ನನಗಂತೂ ಅನುಮಾನ. ಯುದ್ಧದಲ್ಲಿ ಸೋತದ್ದರಿಂದಲೇ ಆ ಸನ್ನದು ಬಂತು.

ಆ ಸನ್ನದಿನ ಮೇಲೆ ಏನೆಲ್ಲ ಕಟ್ಟಿದರು ನೋಡಿ. ಮೊದಮೊದಲು ಏನೂ ಕಟ್ಟಲಿಲ್ಲ, ಯಾಕೆಂದರೆ ಎಲ್ಲರೂ ವಾಪಸ್ ಹೋಗುವ ಯೋಚನೆಯಲ್ಲೇ ಇದ್ದರು. ಸೆಂಟೆಂಡ್ರೆಯ ಸರ್ಬರು ಚರ್ಚುಗಳನ್ನು ಮರದಲ್ಲಿ ಕಟ್ಟಿಕೊಂಡರು. ನಾಳೆ ಹೊರಡುವವರಿಗೆ ಕಲ್ಲಿನ ಗೋಡೆ ಯಾಕೆ? 1699ರಲ್ಲಿ ಡ್ಯಾನ್ಯೂಬ್ ದಡದ ಕಾರ್ಲೊವ್ತ್ಸಿ ಊರಿನಲ್ಲಿ ವಿಯೆನ್ನಾಕ್ಕೂ ಒಟ್ಟೊಮನ್ನರಿಗೂ ಶಾಂತಿ ಒಪ್ಪಂದವಾಯಿತು. ಸರ್ಬಿಯಾ ಒಟ್ಟೊಮನ್ನರ ಬಳಿಯೇ ಉಳಿಯಿತು, ಹಿಂದಿರುಗುವ ಬಾಗಿಲು ಮುಚ್ಚಿತು. ಪೇಟ್ರಿಯಾರ್ಕ್ 1706ರಲ್ಲಿ ವಿಯೆನ್ನಾದಲ್ಲಿ ತೀರಿಕೊಂಡರು. ಸೆಂಟೆಂಡ್ರೆಯಲ್ಲಿ ಕಲ್ಲಿನ ಚರ್ಚುಗಳು ಎದ್ದದ್ದು ಮುಂದಿನ ತಲೆಮಾರುಗಳಲ್ಲಿ. ಊರಿನ ಮುಖ್ಯ ಚೌಕದಲ್ಲಿರುವ ಬ್ಲಾಗೊವೆಶ್ಟೆನ್ಸ್ಕಾ ಚರ್ಚ್ 1750ರ ದಶಕದ್ದು. ಮರದಿಂದ ಕಲ್ಲಿಗೆ ಬರಲು ಅರವತ್ತು ವರ್ಷ ಹಿಡಿಯಿತು. ಅಷ್ಟು ಕಾಲ ಅವರು ಗಂಟುಮೂಟೆ ಬಿಚ್ಚಿರಲಿಲ್ಲ ಅಂತಲೇ ನಾನು ತಿಳಿಯುತ್ತೇನೆ.

ಧರ್ಮಪೀಠ ಕಾರ್ಲೊವ್ತ್ಸಿಯಲ್ಲಿ ನೆಲೆ ನಿಂತಿತು. 1766ರಲ್ಲಿ ಪೇಚ್‌ನ ಪೀಠವನ್ನು ಒಟ್ಟೊಮನ್ನರು ರದ್ದು ಮಾಡಿದಾಗ ಉಳಿದದ್ದು ಇದೇ. 1768ರಲ್ಲಿ ಮೊದಲ ಸರ್ಬಿಯನ್ ಪತ್ರಿಕೆ ವೆನಿಸ್‌ನಲ್ಲಿ ಅಚ್ಚಾಯಿತು. 1791ರಲ್ಲಿ ಕಾರ್ಲೊವ್ತ್ಸಿಯಲ್ಲಿ ಪ್ರೌಢಶಾಲೆ ಬಂತು. 1826ರಲ್ಲಿ ಪೆಶ್ಟ್ ನಗರದಲ್ಲಿ ಮಾತಿತ್ಸಾ ಸರ್ಪ್‌ಸ್ಕಾ ಎಂಬ ಸಾಹಿತ್ಯ ಸಂಸ್ಥೆ ಹುಟ್ಟಿತು, ಆಮೇಲೆ 1864ರಲ್ಲಿ ನೋವಿ ಸಾದ್‌ಗೆ ಬಂತು. ಇವುಗಳಲ್ಲಿ ಒಂದೂ ಹಳೆಯ ಸರ್ಬಿಯಾದ ನೆಲದ ಮೇಲೆ ಹುಟ್ಟಿದ್ದಲ್ಲ.

ಇನ್ನು ನನಗೆ ತುಂಬ ಪ್ರಿಯವಾದ ಭಾಗಕ್ಕೆ ಬರುತ್ತೇನೆ. ಸರ್ಬರ ಮಹಾಕಾವ್ಯ ಅಂದರೆ 1389ರಲ್ಲಿ ಒಟ್ಟೊಮನ್ನರ ವಿರುದ್ಧ ನಡೆದ ಕೊಸೊವೊ ಯುದ್ಧದ ಹಾಡುಗಳು. ಸಾಲಿಗೆ ಹತ್ತು ಅಕ್ಷರ. ಗುಸ್ಲೆ ಎಂಬ ಒಂಟಿ ತಂತಿಯ ವಾದ್ಯದ ಜೊತೆ ಹಾಡುತ್ತಾರೆ. ಆ ಯುದ್ಧದಲ್ಲಿ ಸತ್ತ ದೊರೆ ಲಾಜರನ ಅವಶೇಷ ರವಾನಿತ್ಸಾ ಮಠದಲ್ಲಿತ್ತು. 1690ರಲ್ಲಿ ಸನ್ಯಾಸಿಗಳು ಅದನ್ನು ಹೊತ್ತುಕೊಂಡೇ ಹೊರಟರು. ಸೆಂಟೆಂಡ್ರೆಗೆ ಒಯ್ದರು. 1697ರಲ್ಲಿ ಫ್ರುಶ್ಕಾ ಗೋರಾ ಬೆಟ್ಟಗಳ ವ್ರ್ದ್‌ನಿಕ್ ಮಠಕ್ಕೆ ತಂದರು. ಯುದ್ಧ ನಡೆದ ಬಯಲಿನಿಂದ ನೂರಾರು ಕಿಲೋಮೀಟರ್ ಉತ್ತರಕ್ಕೆ. ಜನ ಅಲ್ಲಿಗೆ ಬಂದು ಸೇರತೊಡಗಿದರು. ಹಾಡುವವರೂ ಬಂದರು.

1804ರಲ್ಲಿ ಕರಜೋರ್ಜೆ ನೇತೃತ್ವದಲ್ಲಿ ಸರ್ಬಿಯಾದಲ್ಲಿ ದಂಗೆ ಎದ್ದಿತು, 1813ರಲ್ಲಿ ಮುರಿದುಬಿತ್ತು. ಮತ್ತೆ ಜನ ನದಿ ದಾಟಿದರು. ಅವರಲ್ಲಿ ವುಕ್ ಕರಜಿಚ್ ಎಂಬ ಕಾಲು ಊನವಾದ ಯುವಕನಿದ್ದ. ವಿಯೆನ್ನಾ ಸೇರಿದ. ಹಾಡು ಸಂಗ್ರಹಿಸಲು ಹೊರಟಾಗ ಅವನು ಹೋದದ್ದು ಇದೇ ಫ್ರುಶ್ಕಾ ಗೋರಾದ ಕಡೆಗೆ. 1815ರಲ್ಲಿ ಶಿಶಾತೊವಾತ್ಸ್ ಮಠದಲ್ಲಿ ಕೂತು ಫಿಲಿಪ್ ವಿಶ್ನಿಚ್ ಎಂಬ ಕುರುಡು ಗಾಯಕನ ಬಾಯಿಂದ ಹಾಡು ಬರೆದುಕೊಂಡ. ವಿಶ್ನಿಚ್ ಕೂಡ ದಂಗೆ ಮುರಿದ ಮೇಲೆ ಓಡಿ ಬಂದವನೇ. ಕೊಸೊವೊದ ಅತ್ಯುತ್ತಮ ಹಾಡುಗಳಲ್ಲಿ ಕೆಲವು ಸಿಕ್ಕಿದ್ದು ಆ ಪ್ರದೇಶದ ಕುರುಡು ಹೆಂಗಸರಿಂದ. ಗ್ರ್ಗುರೆವ್ತ್ಸಿ ಎಂಬ ಹಳ್ಳಿಯ ಹೆಂಗಸೊಬ್ಬಳ ಹೆಸರೂ ಉಳಿದಿಲ್ಲ. "ಗ್ರ್ಗುರೆವ್ತ್ಸಿಯ ಕುರುಡಿ" ಅಂತಷ್ಟೇ ಇದೆ. ಸಾಮ್ರಾಜ್ಯ ಹೇಗೆ ಬಿತ್ತು ಎಂಬ ಹಾಡು ಅವಳದು. ಲಾಜರನಿಗೆ ಭೂಮಿಯ ರಾಜ್ಯವೋ ಸ್ವರ್ಗದ ರಾಜ್ಯವೋ ಆರಿಸಿಕೋ ಎಂಬ ಸಂದೇಶ ಬರುವ ಹಾಡು. ಸರ್ಬರ ಮನಸ್ಸಿನಲ್ಲಿ ಆಳವಾಗಿ ಕೂತಿರುವ ಹಾಡು ಅದು.

ನಮ್ಮ ಪರ್ಯಾಯ ಲೋಕದಲ್ಲಿ ಯಾರೂ ನದಿ ದಾಟಿಲ್ಲ. ಲಾಜರನ ಅವಶೇಷ ರವಾನಿತ್ಸಾದಲ್ಲೇ ಇದೆ. ಫ್ರುಶ್ಕಾ ಗೋರಾದಲ್ಲಿ ಜನ ಸೇರುತ್ತಿಲ್ಲ. ಹಾಡುಗಳು ಬೇರೆ ಎಲ್ಲೋ ಇರುತ್ತಿದ್ದವು ನಿಜ. ಬರೆದುಕೊಳ್ಳುವವನು ಎಲ್ಲಿಂದ ಬರುತ್ತಿದ್ದ? ನಾವು ಓದುವ ರೂಪದಲ್ಲಂತೂ ಆ ಹಾಡು ಇರುತ್ತಿರಲಿಲ್ಲ. ಕೊಸೊವೊವನ್ನು ಕಳೆದುಕೊಂಡವರು ಕಟ್ಟಿದ ನೆನಪು ಅದು.

ನದಿಯಾಚೆ ಕಲಿತವರು ಸುಮ್ಮನೆ ಅಲ್ಲೇ ಕೂರಲಿಲ್ಲ. ಬನಾತ್‌ನಲ್ಲಿ (ಡ್ಯಾನ್ಯೂಬ್‌ನ ಉತ್ತರಕ್ಕಿರುವ ಪ್ರದೇಶ) ಹುಟ್ಟಿದ ಬರಹಗಾರ ದೊಸಿತೆಯ್ ಒಬ್ರಾದೊವಿಚ್ ಯುರೋಪೆಲ್ಲ ಸುತ್ತಿ, ಮುದುಕನಾದ ಮೇಲೆ 1807ರಲ್ಲಿ ದಂಗೆಕೋರರ ಬೆಲ್‌ಗ್ರೇಡಿಗೆ ಬಂದರು. ಮರುವರ್ಷ ಅಲ್ಲಿ ಉನ್ನತ ಶಾಲೆ ಶುರು ಮಾಡಿದರು. ಶಿಕ್ಷಣ ಮಂತ್ರಿಯೂ ಆದರು. ವಿಯೆನ್ನಾದಲ್ಲಿ ಸರ್ಬಿಯನ್ ಪತ್ರಿಕೆ ನಡೆಸುತ್ತಿದ್ದ ಜೆಮುನ್‌ನ ದಿಮಿತ್ರಿಯೆ ದಾವಿದೊವಿಚ್ 1835ರಲ್ಲಿ ಸರ್ಬಿಯಾಕ್ಕೆ ಮೊದಲ ಸಂವಿಧಾನ ಬರೆದುಕೊಟ್ಟರು. ಭೂಮಿಯ ಹವಾಮಾನ ಮತ್ತು ಹಿಮಯುಗಗಳ ಲೆಕ್ಕ ಹಾಕಿದ ಮಿಲುತಿನ್ ಮಿಲಾಂಕೊವಿಚ್ ಹುಟ್ಟಿದ್ದು ಡ್ಯಾನ್ಯೂಬ್ ದಡದ ದಾಲ್ಯ್ ಹಳ್ಳಿಯಲ್ಲಿ. ವಿಯೆನ್ನಾದಲ್ಲಿ ಎಂಜಿನಿಯರ್ ಆಗಿದ್ದವರು 1909ರಲ್ಲಿ ಬೆಲ್‌ಗ್ರೇಡಿಗೆ ಬಂದು ನೆಲೆಸಿದರು.

ಇಲ್ಲಿ ಟೆಸ್ಲಾ ಹೆಸರು ಸೇರಿಸಲು ಆಸೆಯಾಗುತ್ತದೆ. ಬೇಡ. ಅವರ ಊರು ಸ್ಮಿಲ್ಯಾನ್ ಇರುವ ಲಿಕಾ ಪ್ರದೇಶಕ್ಕೆ ಸರ್ಬರು ಬಂದ ದಾರಿ ಬೇರೆ. ಮಿಹಾಯ್ಲೊ ಪುಪಿನ್ ಹೆಸರು ಮಾತ್ರ ಧೈರ್ಯವಾಗಿ ಹೇಳಬಹುದು. ಬನಾತ್‌ನ ಇದ್ವೊರ್ ಹಳ್ಳಿಯವರು, ಗಡಿ ಕಾಯುವ ರೈತರ ಮಗ. ತಮ್ಮ ಪೂರ್ವಿಕರು ಚರ್ನೋಯೆವಿಚ್ ಜೊತೆ ಬಂದವರು ಅಂತ ಅವರೇ ಹೇಳಿಕೊಂಡಿದ್ದಾರೆ. ಅವರು ಹುಡುಗನಾಗಿದ್ದಾಗ ಚಕ್ರವರ್ತಿ ಆ ಗಡಿ ವ್ಯವಸ್ಥೆಯನ್ನೇ ತೆಗೆಯಲು ಹೊರಟ. ಹಳೆಯ ಮಾತು ಮುರಿದ ಅಂತ ಊರಿನವರಿಗೆಲ್ಲ ಸಿಟ್ಟು ಬಂತು. 1874ರಲ್ಲಿ ಪುಪಿನ್ ನ್ಯೂಯಾರ್ಕಿನಲ್ಲಿ ಇಳಿದಾಗ ಜೇಬಿನಲ್ಲಿದ್ದದ್ದು ಐದು ಸೆಂಟ್. ಅದನ್ನು ಕೊಟ್ಟು ಒಣದ್ರಾಕ್ಷಿಯಂಥ ಪ್ರೂನ್ ಹಣ್ಣಿನ ಪೈ ಕೊಂಡರು. ಕಚ್ಚಿದರೆ ಒಳಗೆಲ್ಲ ಬೀಜ! ಮುಂದೆ ಅವರೇ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. ದೂರದ ಟೆಲಿಫೋನ್ ಮಾತು ಸ್ಪಷ್ಟವಾಗಿ ಕೇಳುವಂತೆ ಮಾಡಿದ ಸುರುಳಿಗೆ ಅವರ ಹೆಸರೇ ಇದೆ.

ಈಗ ಕಥೆಯ ಇನ್ನೊಂದು ಕವಲು. ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. 1750ರ ಸುಮಾರಿಗೆ ಹ್ಯಾಬ್ಸ್‌ಬರ್ಗ್ ಆಡಳಿತ ಗಡಿಯ ಕೆಲವು ಭಾಗ ಮುಚ್ಚತೊಡಗಿತು. ಅಲ್ಲಿನ ಸರ್ಬ ಸೈನಿಕರಿಗೆ ಎರಡೇ ದಾರಿ: ಹಂಗೇರಿಯ ಜಮೀನ್ದಾರರ ಕೈಕೆಳಗೆ ರೈತರಾಗುವುದು, ಇಲ್ಲವೇ ಹೊರಡುವುದು. ಯೊವಾನ್ ಹೊರ್ವಾತ್, ಯೊವಾನ್ ಶೆವಿಚ್, ರಾಯ್ಕೊ ಪ್ರೆರಾದೊವಿಚ್ ಎಂಬ ಅಧಿಕಾರಿಗಳ ಹಿಂದೆ ಜನ ರಷ್ಯಾಕ್ಕೆ ಹೊರಟರು. ಇವತ್ತಿನ ಉಕ್ರೇನ್‌ನ ಹುಲ್ಲುಗಾವಲಿನಲ್ಲಿ 1752ರಲ್ಲಿ ನೋವಾ ಸರ್ಬಿಯಾ, 1753ರಲ್ಲಿ ಸ್ಲಾವೊ-ಸರ್ಬಿಯಾ ಎಂಬ ಎರಡು ಸೈನಿಕ ವಸಾಹತುಗಳಾದವು. ಬಿಟ್ಟು ಬಂದ ಊರುಗಳ ಹೆಸರನ್ನೇ ಹೊಸ ಊರುಗಳಿಗೆ ಇಟ್ಟರು. 1764ರಲ್ಲಿ ರಷ್ಯಾ ಎರಡನ್ನೂ ರದ್ದು ಮಾಡಿತು. ಕೆಲವು ತಲೆಮಾರಿನಲ್ಲಿ ಅವರು ಸುತ್ತಲಿನವರಲ್ಲಿ ಒಂದಾಗಿ ಹೋದರು. ಲುಹಾನ್ಸ್ಕ್ ಪ್ರಾಂತ್ಯದಲ್ಲಿ ಸ್ಲೊವ್ಯಾನೊಸೆರ್ಬ್ಸ್ಕ್ ಎಂಬ ಊರಿನ ಹೆಸರು ಉಳಿದಿದೆ, ಸರ್ಬರು ಉಳಿದಿಲ್ಲ.

ಎರಡೂ ಗುಂಪು ಒಂದೇ ಜನ. ಒಂದು ಉಳಿಯಿತು, ಇನ್ನೊಂದು ಕರಗಿತು. ಯಾಕೆ? ಹಂಗೇರಿಯಲ್ಲಿ ಅವರ ಧರ್ಮ ಬೇರೆ, ಭಾಷೆ ಬೇರೆ. ಆ ಬೇರೆತನವನ್ನು ಕಾಯಲು ಸನ್ನದು, ಬಿಷಪ್‌ಗಳು, ಶಾಲೆ ಇದ್ದವು. ರಷ್ಯಾದಲ್ಲಿ ಧರ್ಮ ಒಂದೇ, ಭಾಷೆ ಹತ್ತಿರದ್ದು. ಕಾಯಲೇಬೇಕು ಎಂಬ ಒತ್ತಡವೂ ಇರಲಿಲ್ಲ, ಕಾಯುವ ಸ್ವಂತ ಸಂಸ್ಥೆಯೂ ಇರಲಿಲ್ಲ. ಆತ್ಮೀಯವಾಗಿ ಬರಮಾಡಿಕೊಂಡ ದೇಶದಲ್ಲೇ ಅವರು ಮಾಯವಾದರು. ವಲಸೆ ಹೋದವರ ಮನೆಮಾತು, ಹಬ್ಬ ಏನಾಗುತ್ತದೆ ಎಂಬುದು ಅವರು ಯಾವ ಷರತ್ತಿನ ಮೇಲೆ ಒಳಗೆ ಬಂದರು ಎಂಬುದರ ಮೇಲೆ ನಿಂತಿದೆ. ಇವತ್ತಿನ ನನ್ನ ಮುಖ್ಯ ಮಾತು ಇದೇ.

ಹಬ್ಬ ಅಂದೆ. ಸ್ಲಾವಾ ಬಗ್ಗೆ ಹೇಳದೇ ಹೋಗಲಾರೆ. ನಮ್ಮಲ್ಲಿ ಮನೆದೇವರು ಇದ್ದ ಹಾಗೆ ಪ್ರತಿ ಸರ್ಬ ಕುಟುಂಬಕ್ಕೂ ಒಬ್ಬ ಸಂತ. ತಂದೆಯಿಂದ ಮಗನಿಗೆ ಬರುತ್ತದೆ. ಆ ಸಂತನ ದಿನ ಮೇಣದಬತ್ತಿ ಹಚ್ಚಿ, ಅಲಂಕರಿಸಿದ ದುಂಡು ಬ್ರೆಡ್ ಕತ್ತರಿಸುತ್ತಾರೆ. ಬೇಯಿಸಿದ ಗೋಧಿಗೆ ಸಕ್ಕರೆ, ಅಕ್ರೋಟು ಬೆರೆಸಿ ಝಿತೊ ಮಾಡಿರುತ್ತಾರೆ. ಒಳಗೆ ಬಂದವರು ಮೊದಲು ಒಂದು ಚಮಚ ಝಿತೊ ತಿಂದು, ಚಮಚವನ್ನು ಪಕ್ಕದ ಗ್ಲಾಸಿನಲ್ಲಿ ಹಾಕಿ ಕೂರಬೇಕು. ಸ್ಲಾವಾಕ್ಕೆ ಯಾರನ್ನೂ ಕರೆಯುವ ಪದ್ಧತಿ ಇಲ್ಲ. ಬರುವವರು ತಾವೇ ಬರುತ್ತಾರೆ. 2014ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಚಿಕಾಗೊದಲ್ಲಿ, ಪಿಟ್ಸ್‌ಬರ್ಗ್‌ನ ಉಕ್ಕಿನ ಕಾರ್ಖಾನೆಗಳ ಬಳಿ ನೆಲೆಸಿದವರಿಗೆ ಇದನ್ನು ಮಾಡಲು ಅರಮನೆ, ಸೈನ್ಯ ಬೇಕಿರಲಿಲ್ಲ. ಒಂದು ಮೇಜು, ಗೋಧಿ, ಮೇಣದಬತ್ತಿ ಸಾಕಿತ್ತು.

ಇಪ್ಪತ್ತನೇ ಶತಮಾನವನ್ನು ಬೇಗ ದಾಟುತ್ತೇನೆ. 1915ರಲ್ಲಿ ಸೋತ ಸೈನ್ಯ ಅಲ್ಬೇನಿಯಾದ ಹಿಮದ ಬೆಟ್ಟ ದಾಟಿ ಕೊರ್ಫು ದ್ವೀಪ ಸೇರಿತು. 1968ರಲ್ಲಿ ಯುಗೊಸ್ಲಾವಿಯಾ ಪಶ್ಚಿಮ ಜರ್ಮನಿಯ ಜೊತೆ ಒಪ್ಪಂದ ಮಾಡಿಕೊಂಡ ಮೇಲೆ ಹಳ್ಳಿಗರು ಕೂಲಿಗೆ ಹೋದರು. ಪೂರ್ವ ಸರ್ಬಿಯಾದ ಊರುಗಳಲ್ಲಿ ಅವರು ಕಟ್ಟಿಸಿದ ದೊಡ್ಡ ಮನೆಗಳು ವರ್ಷದ ಬಹುಕಾಲ ಬೀಗ ಹಾಕಿಕೊಂಡಿರುತ್ತವೆ. ವಿಶ್ವಸಂಸ್ಥೆ ಹಾಕಿದ 1992ರ ಆರ್ಥಿಕ ನಿರ್ಬಂಧ, 1993ರ ಹಣದುಬ್ಬರದ ಕಾಲದಲ್ಲಿ ಓದಿದವರು ಹೊರಟರು. 500 ಶತಕೋಟಿ ದಿನಾರ್‌ನ ನೋಟು ಅಚ್ಚಾಗಿತ್ತು. ಅದರ ಮೇಲೆ ಮಕ್ಕಳ ಕವಿ ಜ್ಮಾಯ್ ಅವರ ಮುಖ. 1995ರ ಆಗಸ್ಟ್‌ನಲ್ಲಿ ಕ್ರೊಯೇಷಿಯಾ ಸೈನ್ಯ ನುಗ್ಗಿದಾಗ ಕ್ರಾಯಿನಾ ಪ್ರದೇಶದಿಂದ ಒಂದೂವರೆಯಿಂದ ಎರಡು ಲಕ್ಷ ಸರ್ಬರು ಟ್ರ್ಯಾಕ್ಟರ್ ಮೇಲೆ ಸಾಮಾನು ಹೇರಿಕೊಂಡು ಹೊರಟರು. ಅವರ ಹಿರಿಯರು ಶತಮಾನಗಳ ಕಾಲ ಹ್ಯಾಬ್ಸ್‌ಬರ್ಗ್ ಗಡಿ ಕಾದವರು.

ಸಭೆಯಿಂದ: "ಈ 1690ರ ಕಥೆಯನ್ನು ರಾಜಕೀಯಕ್ಕೆ ಬಳಸಿಕೊಂಡಿಲ್ಲವೇ?"

ಬಳಸಿಕೊಂಡಿದ್ದಾರೆ, ಚೆನ್ನಾಗಿಯೇ. 1989ರಲ್ಲಿ ಕೊಸೊವೊ ಯುದ್ಧದ 600ನೇ ವರ್ಷಕ್ಕೆ ಮೊದಲು ಲಾಜರನ ಅವಶೇಷವನ್ನು ಊರೂರಿಗೆ ಮೆರವಣಿಗೆ ಮಾಡಿ ರವಾನಿತ್ಸಾಕ್ಕೆ ತಂದರು. ಆ ಹೊತ್ತಿನಲ್ಲಿ ಅದು ಭಕ್ತಿಯ ಜೊತೆ ಸಿಟ್ಟನ್ನೂ ಬೆಳೆಸಿತು. ಮುಂದೆ ನಡೆದ ಯುದ್ಧಗಳಲ್ಲಿ ಬೊಸ್ನಿಯಾದ ಮುಸ್ಲಿಮರು, ಕೊಸೊವೊದ ಅಲ್ಬೇನಿಯನ್ನರು ಅನುಭವಿಸಿದ್ದನ್ನು ಯಾವ ಹಳೆಯ ನೋವೂ ಸಮರ್ಥಿಸಲಾರದು. 1690ರಲ್ಲಿ ನಾವು ಹೋದೆವು, ಅವರು ಬಂದು ಕೂತರು ಎಂಬ ಕಥೆ ಪೂರ್ತಿ ಸರಿಯಲ್ಲ. ಅಲ್ಬೇನಿಯನ್ನರು ಮೊದಲೂ ಅಲ್ಲಿದ್ದರು, ಸರ್ಬರು ಆಮೇಲೂ ಉಳಿದಿದ್ದರು. ಅದಕ್ಕೇ ಬೊಗ್ದಾನಿ ಹೆಸರನ್ನು ಮೊದಲೇ ಹೇಳಿದೆ.

ಸಭೆಯಿಂದ: "ನೀವೇ ಒಂದು ಪರ್ಯಾಯ ಇತಿಹಾಸದ ಕಾದಂಬರಿ ಬರೆದರೆ ಎಲ್ಲಿಂದ ಶುರು ಮಾಡುತ್ತೀರಿ?"

1690 ಆರಿಸಲಾರೆ. ಅದನ್ನು ಬದಲಿಸಿದರೆ ಕಳೆದುಹೋಗುವುದೇ ಜಾಸ್ತಿ. 1764 ತೆಗೆದುಕೊಳ್ಳುತ್ತೇನೆ. ಮಹಾರಾಣಿ ಕ್ಯಾಥರಿನ್ ಸ್ಲಾವೊ-ಸರ್ಬಿಯಾವನ್ನು ರದ್ದು ಮಾಡಲಿಲ್ಲ. ಬದಲಿಗೆ ಒಂದು ಶಾಲೆ, ಒಂದು ಅಚ್ಚುಕೂಟ, ಸ್ವಂತ ಬಿಷಪ್ ಕೊಟ್ಟಳು. 1804ರಲ್ಲಿ ಕರಜೋರ್ಜೆಯ ದಂಗೆ ಎದ್ದಾಗ ದೊನೆತ್ಸ್ ನದಿ ದಡದಲ್ಲಿ ಸರ್ಬಿಯನ್ ಮಾತಾಡುವ, ರಷ್ಯನ್ ಸೈನ್ಯದಲ್ಲಿ ಪಳಗಿದ ಒಂದು ತಲೆಮಾರೇ ಇದೆ. ಅವರು ಬೆಲ್‌ಗ್ರೇಡಿಗೆ ಬಂದರೆ ದೊಸಿತೆಯ್ ಅವರ ಜೊತೆ ಜಗಳ ಖಂಡಿತ. ದೊಸಿತೆಯ್ ವೋಲ್ಟೇರ್ ಕಾಲದ ಯುರೋಪಿನ ಮಾತಾಡುತ್ತಾರೆ, ಇವರು ಪೀಟರ್ಸ್‌ಬರ್ಗ್‌ನದು. ಶಾಲೆಯ ಪಾಠ ಯಾವ ಭಾಷೆಯಲ್ಲಿ ಇರಬೇಕು ಎಂಬಲ್ಲೇ ಮೊದಲ ಜಗಳ ಶುರುವಾಗುತ್ತದೆ. ಯಾರಿಗಾದರೂ ಬರೆಯುವ ಆಸೆ ಇದ್ದರೆ ಈ ವಸ್ತುವನ್ನು ಧಾರಾಳವಾಗಿ ತೆಗೆದುಕೊಳ್ಳಿ, ಓದಲು ನಾನು ಕಾಯುತ್ತಿರುತ್ತೇನೆ.